ಎಣಿಸಿ ಕಟ್ಟಿದ ಮುದ್ದೆ

ನನ್ನ ಹುದ್ದೆಯ ಹೆಸರು ಮೂರು ಸಲ ಬದಲಾಗಿದೆ, ಚೀಲ ಮಾತ್ರ ಬದಲಾಗಿಲ್ಲ. ಮೊದಲು ನರ್ಸಮ್ಮ ಆಗಿದ್ದೆ, ಆಮೇಲೆ ಕಿರಿಯ ಆರೋಗ್ಯ ಸಹಾಯಕಿ ಆದೆ, ಈಗ ಏನೋ ಅಧಿಕಾರಿ ಅಂತ ಬರೆದ ಬಿಲ್ಲೆ ಕೊಟ್ಟು ಕುತ್ತಿಗೆಗೆ ಹಾಕಿಕೊಳ್ಳಿ ಅಂದಿದ್ದಾರೆ. ಜನ ಈಗಲೂ ಕರೆಯುವುದು ನರ್ಸಮ್ಮ ಅಂತಲೇ. ಮೂವತ್ತೊಂದು ವರ್ಷ ಆ ಚೀಲ ಹೊತ್ತು ನನ್ನ ಎಡಭುಜ ಒಂದಿಂಚು ಇಳಿದಿದೆ. ನಾಗಮಂಗಲದಲ್ಲಿ ಶುರುಮಾಡಿ, ಪಾಂಡವಪುರದಲ್ಲಿ ಹನ್ನೊಂದು ವರ್ಷ ಸವೆಸಿ, ಕಿರಂಗೂರಿನ ಕಡೆ ನಾಲ್ಕು ವರ್ಷ ಮನೆಯ ಹತ್ತಿರ ಸುಖವಾಗಿದ್ದೆ. ಅದು ಯಾರ ಕಣ್ಣಿಗೆ ಬಿತ್ತೋ, ನಿವೃತ್ತಿಗೆ ಎರಡು ವರ್ಷ ಇದೆ ಅನ್ನುವಾಗ ಎತ್ತಿ ಕೆ.ಆರ್. ಪೇಟೆ ತಾಲ್ಲೂಕಿಗೆ ಹಾಕಿದರು. ಗಂಜಾಂನ ನಮ್ಮ ಮನೆಯಿಂದ ಶೀಳನೆರೆಯ ಕಡೆಗೆ ಎರಡು ಬಸ್ಸು, ಆಮೇಲೆ ನಡಿಗೆ. ಮಂಡಿ ಇದ್ದವರು ನಡೆಯುತ್ತಾರೆ, ಇಲ್ಲದವರು ನನ್ನ ಹಾಗೆ ನಡೆಯುತ್ತಾರೆ.

ನಾಲ್ಕು ತಾಲ್ಲೂಕಿನ ಹೆಣ್ಣುಮಕ್ಕಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ದೇನೆ. ಕೆಂಪಗಿರಬೇಕಾದದ್ದು ಸುಣ್ಣ ಬಳಿದ ಹಾಗಿರುತ್ತದೆ. ಬೆರಳು ಚುಚ್ಚಿದರೆ ಹನ್ನೆರಡು ಇರಬೇಕಾದ ರಕ್ತ ಒಂಬತ್ತು, ಎಂಟು. ಸೊಪ್ಪು ತಿನ್ನಿ, ಕಾಳು ತಿನ್ನಿ, ಬೆಲ್ಲ ತಿನ್ನಿ, ಮಾತ್ರೆ ನುಂಗಿ ಅಂತ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಎಲ್ಲರೂ ಹ್ಞೂಂ ಅನ್ನುತ್ತಾರೆ. ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ ಇದೆ, ಸರಿ. ಬಲ್ಲವಳಿಗೆ ಏನು ಕಥೆ ಅಂತ ಗಾದೆ ಕಟ್ಟಿದವನು ಹೇಳಿ ಹೋಗಲಿಲ್ಲ.

ಇದರ ಜೊತೆಗೆ ನನ್ನದೊಂದು ಜಂಬವನ್ನೂ ಹೇಳಿಬಿಡಬೇಕು, ಯಾಕೆಂದರೆ ತಪ್ಪು ಅಲ್ಲೇ ಇರುವುದು. ಮೂವತ್ತೊಂದು ವರ್ಷದಲ್ಲಿ ನಾನು ಒಂದು ದಿನವೂ ಊಟದ ಡಬ್ಬಿ ಕಟ್ಟಿಕೊಂಡು ಹೋದವಳಲ್ಲ. ನಮ್ಮ ತಂದೆ ಊರಿನ ರಾಮಸ್ವಾಮಿ ದೇವಸ್ಥಾನದ ಸೇವೆಯಲ್ಲಿದ್ದವರು. ನಾನು ನಾಗಮಂಗಲದಲ್ಲಿ ಮೊದಲ ತಿಂಗಳು ಒಕ್ಕಲಿಗರ ಮನೆಯಲ್ಲಿ ಮುದ್ದೆ ಉಂಡು ಬಂದೆ ಅಂತ ಗೊತ್ತಾದ ದಿನ, ಬಾಗಿಲಲ್ಲೇ ನಿಲ್ಲಿಸಿ ತಲೆಯ ಮೇಲೆ ಎರಡು ಬಿಂದಿಗೆ ನೀರು ಹುಯ್ಯಿಸಿದ್ದರು. ಇಪ್ಪತ್ತೇಳು ವರ್ಷದ ಹುಡುಗಿ ನಾನು, ಬೀದಿಯವರೆಲ್ಲ ನೋಡುತ್ತಿದ್ದರು. ಅವತ್ತೇ ಹಟ ಹಿಡಿದೆ. ಯಾರ ಮನೆಯಲ್ಲಿ ತಟ್ಟೆ ಇಟ್ಟರೂ ಕೂತು ಉಣ್ಣುತ್ತೇನೆ ಅಂತ. ಉಂಡೆ ಕೂಡ. ಗಂಜಾಂ ಅಯ್ನೋರ ಮಗಳು ನಮ್ಮನೇಲಿ ಇಟ್ಟುಂಡ್ರು ಅಂತ ಊರೆಲ್ಲ ಹೇಳಿಕೊಳ್ಳುತ್ತಿದ್ದರು, ಮುದ್ದೆಗೆ ಅವರು ಅನ್ನುವುದು ಇಟ್ಟು. ಕೇಳಿ ನನ್ನ ಹೊಟ್ಟೆ ಇನ್ನೂ ಒಂದು ಸಲ ತುಂಬುತ್ತಿತ್ತು.

ಶ್ವೇತ ಅನ್ನುವ ಹುಡುಗಿ ನನ್ನ ಪಾಲಿಗೆ ಬಂದದ್ದು ಸೆಪ್ಟೆಂಬರಿನಲ್ಲಿ. ಹದಿನೇಳು ವರ್ಷ, ಪೇಟೆಯ ಕಾಲೇಜಿನಲ್ಲಿ ಎರಡನೇ ಪಿಯುಸಿ, ವಿಜ್ಞಾನ. ಅಪ್ಪ ಸಿದ್ದರಾಜು ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಮನೆಯಲ್ಲಿ ನಾಲ್ಕು ಹಸು, ಒಳಕೋಣೆಯಲ್ಲಿ ಸಾಲಾಗಿ ರಾಗಿ ಮೂಟೆ, ಹಿತ್ತಲಲ್ಲಿ ನುಗ್ಗೆ ಮರ. ಇಲ್ಲ ಅನ್ನುವುದು ಏನೂ ಇಲ್ಲದ ಮನೆ. ಆ ಹುಡುಗಿ ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಎಚ್ಚರ ತಪ್ಪಿ ಬಿದ್ದಳು. ನೀರು ಚಿಮುಕಿಸಿ ಎಬ್ಬಿಸಿದವರು ಒಬ್ಬರು, ಕಥೆ ಕಟ್ಟಿದವರು ಹತ್ತು ಜನ. ಫಿಟ್ಸು ಅಂದರು. ಇನ್ನೂ ಕೆಟ್ಟದ್ದನ್ನೂ ಅಂದರು. ಊರು ತಲುಪುವ ಹೊತ್ತಿಗೆ ಮಾತು ಸಿದ್ದರಾಜುವಿನ ಕಿವಿಗೆ ಬಿದ್ದಿತ್ತು.

ನಾನು ಹೋಗಿ ಬೆರಳು ಚುಚ್ಚಿದೆ. ಏಳು ಪಾಯಿಂಟ್ ಒಂಬತ್ತು. ಇದು ಫಿಟ್ಸೂ ಅಲ್ಲ, ಮಣ್ಣೂ ಅಲ್ಲ, ಮೈಯಲ್ಲಿ ರಕ್ತ ಇಲ್ಲ, ಅಷ್ಟೇ ಅಂತ ಗಟ್ಟಿಯಾಗಿ, ಪಕ್ಕದ ಮನೆಗೂ ಕೇಳುವ ಹಾಗೆ ಹೇಳಿದೆ. ಸಿದ್ದರಾಜು ಕೆಟ್ಟವನಲ್ಲ. ಆದರೆ ಮಾನದ ವಿಷಯ ಬಂದರೆ ಅವನ ಕಿವಿ ಮುಚ್ಚಿಕೊಳ್ಳುತ್ತದೆ. ಕಾಲೇಜು ಬಿಡಿಸುತ್ತೇನೆ ಅಂದ. ನಾನು ವಾದ ಮಾಡಿದೆ. ಕೊನೆಗೆ ಅವನು ಒಂದು ಷರತ್ತು ಹಾಕಿದ.

“ಮೂರು ತಿಂಗ್ಳು ನೋಡ್ತೀನಿ ನರ್ಸಮ್ಮ. ಅಷ್ಟ್ರಲ್ಲಿ ಇನ್ನೊಂದ್ಸಲ ಎಲ್ಲಾರ ಬಿದ್ಲೋ, ಕಾಲೇಜು ಅಲ್ಗೇ ಮುಗೀತು. ಆಮೇಕೆ ನೀವು ಬರ್ಬ್ಯಾಡಿ, ನಾನೂ ಕೇಳಾಕಿಲ್ಲ.”

ಮೂರು ತಿಂಗಳಲ್ಲಿ ಹತ್ತಕ್ಕೆ ತರುತ್ತೇನೆ ಅಂತ ನಾನು ಮಾತು ಕೊಟ್ಟೆ. ಶ್ವೇತ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದವಳು ಒಂದು ಸಲ ನನ್ನನ್ನು ನೋಡಿದಳು. ಆ ನೋಟ ನೋಡಿ ನನಗೆ ಭಯವಾಯಿತು. ಅವಳು ನನ್ನನ್ನು ನಂಬಿಬಿಟ್ಟಿದ್ದಳು.

ಅವಳ ದಿನ ಹೇಗಿತ್ತು ಅಂದರೆ, ಐದೂವರೆಗೆ ಎದ್ದು ಅವ್ವನ ಜೊತೆ ಹಾಲು ಕರೆಯಬೇಕು, ಕ್ಯಾನು ಹೊತ್ತು ಡೇರಿಗೆ ಹಾಕಿ ಬರಬೇಕು, ಏಳು ಗಂಟೆಯ ಬಸ್ಸು ಹಿಡಿಯಬೇಕು. ಅವರ ಕಾಲೇಜು ಎಂಟಕ್ಕೆ ಶುರುವಾಗಿ ಒಂದಕ್ಕೆ ಮುಗಿಯುತ್ತದೆ. ಎರಡು ಗಂಟೆಗೆ ಮನೆ. ಬೆಳಗ್ಗೆ ಏಳರ ಹೊತ್ತಿಗೆ ಈ ಕಡೆಯ ಯಾವ ಮನೆಯಲ್ಲೂ ತಿಂಡಿ ಆಗಿರುವುದಿಲ್ಲ. ಒಂದು ಲೋಟ ಕಾಫಿ, ಅಷ್ಟೇ. ಅದಕ್ಕೇ ನಾನು ಮಧ್ಯಾಹ್ನದ ಊಟದ ಮೇಲೆ ಭಾರ ಹಾಕಿದೆ. ಮುದ್ದೆ, ಸೊಪ್ಪಿನ ಸಾರು, ಕಾಳು ಚೆನ್ನಾಗಿ ಉಂಡು, ಒಂದು ಗಂಟೆ ಬಿಟ್ಟು ಮಾತ್ರೆ. ಅವಳ ತಾಯಿ ಅಣ್ಣಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಅಣ್ಣಮ್ಮನ ಕೈ ಅಡುಗೆಯ ಹೆಸರು ಸುತ್ತ ಏಳು ಹಳ್ಳಿಗೆ ಗೊತ್ತು. ಡೇರಿ ಕಾರ್ಯದರ್ಶಿಯ ಮನೆ ಅಂದಮೇಲೆ ಕೇಳಬೇಕೆ, ಹಸುವಿಗೆ ಸೂಜಿ ಹಾಕುವವರು, ಹಾಲಿನ ಸೂಪರ್‌ವೈಸರು, ಕರೆಂಟಿನ ಲೈನ್‌ಮ್ಯಾನು, ಯಾರಾದರೊಬ್ಬರು ದಿನಾ ಊಟದ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ಆ ಮನೆಗೆ ಅವಮಾನ.

ನಾನು ಪ್ರತಿ ಗುರುವಾರ ಹೋಗುತ್ತಿದ್ದೆ. ಹೋದಾಗ ಹೊತ್ತು ಒಂದು ಗಂಟೆ ಆಗಿರುತ್ತಿತ್ತು, ಬಸ್ಸಿನ ಹೊತ್ತೇ ಹಾಗೆ. ಮಾತ್ರೆಯ ಹಾಳೆ ಎಣಿಸಿ ನೋಡುತ್ತಿದ್ದೆ, ಉಣ್ಣುತ್ತಿದ್ದೆ, ಎರಡಕ್ಕೆ ಬರುವ ಶ್ವೇತಳಿಗೆ ನಾಲ್ಕು ಮಾತು ಹೇಳಿ ಹೊರಡುತ್ತಿದ್ದೆ. ಅಣ್ಣಮ್ಮನ ಬಸ್ಸಾರಿನ ರುಚಿ ನಾಲಿಗೆಯ ಮೇಲಿಟ್ಟುಕೊಂಡು ವಾಪಸ್ಸು ಎರಡು ಬಸ್ಸು ಹತ್ತುವುದು ಅಷ್ಟು ಕಷ್ಟ ಅನ್ನಿಸುತ್ತಿರಲಿಲ್ಲ.

ಒಂದು ತಿಂಗಳಿಗೆ ಮತ್ತೆ ಚುಚ್ಚಿದೆ. ಏಳು ಪಾಯಿಂಟ್ ಆರು. ಏರಿಲ್ಲ, ಇಳಿದಿದೆ. ಯಂತ್ರ ಕೆಟ್ಟಿದೆ ಅಂತ ನನ್ನ ಬೆರಳನ್ನೇ ಚುಚ್ಚಿ ನೋಡಿಕೊಂಡೆ. ನನ್ನದು ಹನ್ನೆರಡೂವರೆ. ಐವತ್ತೆಂಟು ವರ್ಷದ ಮುದುಕಿಗೆ ಹನ್ನೆರಡೂವರೆ.

ಆಮೇಲೆ ಶುರುವಾಯಿತು ನನ್ನ ಪೊಲೀಸು ಕೆಲಸ. ಮಾತ್ರೆ ಕಹಿ ಅಂತ ಅಣ್ಣಮ್ಮ ಅದನ್ನು ಕಾಫಿಯ ಜೊತೆ ನುಂಗಿಸುತ್ತಿದ್ದಳು. ಕಾಫಿಯ ಜೊತೆ ನುಂಗಿದ ಮಾತ್ರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ ಬೈದು, ನಿಂಬೆಹಣ್ಣಿನ ಪಾನಕಕ್ಕೆ ಬದಲಾಯಿಸಿದೆ. ಜಂತುಹುಳುವಿನ ಮಾತ್ರೆ ಕೊಟ್ಟೆ. ತಿಂಗಳ ಮುಟ್ಟಿನ ಲೆಕ್ಕ ಕೇಳಿದೆ, ಅದೂ ಸರಿಯಾಗಿತ್ತು. ಎರಡನೇ ತಿಂಗಳಿಗೆ ಏಳು ಪಾಯಿಂಟ್ ಎರಡು. ನನಗೆ ತಲೆ ಚಿಟ್ಟುಹಿಡಿಯಿತು. ಒಂದು ಗುರುವಾರ ಅವಳ ಕಾಲೇಜು ಚೀಲವನ್ನೇ ತೆಗೆದು ಜಗಲಿಯ ಮೇಲೆ ಸುರಿದೆ. ಪುಸ್ತಕದ ಮಧ್ಯದಿಂದ ಕಾರದ ಕುರುಕಲಿನ ಖಾಲಿ ಪೊಟ್ಟಣಗಳು ಬಿದ್ದವು. ಒಂದಲ್ಲ, ಏಳು.

ಸಿಕ್ಕಿತಲ್ಲ ಕಳ್ಳತನ ಅಂತ ನನಗೆ ಖುಷಿಯೇ ಆಯಿತು ಅನ್ನಬೇಕು. ಮನೆಯಲ್ಲಿ ಬಂಗಾರದಂಥ ಊಟ ಇಟ್ಟುಕೊಂಡು ಈ ಕಸ ತಿಂತೀಯಾ, ಮೊಬೈಲಿನಲ್ಲಿ ನೋಡಿ ಸಣ್ಣಗಾಗುವ ಚಟ ಹಿಡಿಸಿಕೊಂಡಿದ್ದೀಯಾ, ನಿನ್ನ ಅವ್ವ ಯಾರಿಗಾಗಿ ಒಲೆಯ ಮುಂದೆ ಬೇಯುತ್ತಾಳೆ ಅಂತ ಬಾಯಿಗೆ ಬಂದ ಹಾಗೆ ಬೈದೆ. ಅಣ್ಣಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಳು. ಶ್ವೇತ ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡು ಒಳಗೆ ಹೋದಳು. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಡಿಸೆಂಬರಿನಲ್ಲಿ ಮೇಲಿನಿಂದ ಒಂದು ನಮೂನೆ ಬಂತು. ಹದಿಹರೆಯದ ಹೆಣ್ಣುಮಕ್ಕಳು ಏನು ತಿನ್ನುತ್ತಾರೆ ಅಂತ ಸಮೀಕ್ಷೆ. ಮೊನ್ನೆ ಏನು ತಿಂದೆ, ದಿನಾ ಏನು ತಿನ್ನುತ್ತೀ ಅಂತೆಲ್ಲ ಕೇಳುವಂತಿಲ್ಲ. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಬಾಯಿಗೆ ಹಾಕಿದ್ದನ್ನು ಮಾತ್ರ, ಹೊತ್ತುಹೊತ್ತಿಗೆ ಬರೆಯಬೇಕು. ತಾಯಿಯ ಮುಂದೆ ಕೇಳಬಾರದು ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಕಾಗದ ಕಂಡರೆ ನನಗೆ ವಾಕರಿಕೆ. ಗುರುವಾರ ಶ್ವೇತಳ ಮನೆಗೆ ಹೋದಾಗ ನಮೂನೆಯನ್ನು ಉಪಕೇಂದ್ರದಲ್ಲೇ ಮರೆತು ಹೋಗಿದ್ದೆ. ಹಾಗಾಗಿ ಶುಕ್ರವಾರ ಮಧ್ಯಾಹ್ನ ಅವಳು ಬಸ್ಸಿಳಿಯುವ ಕಡೆ ಕಾದು ನಿಂತು, ಅಲ್ಲೇ ಅರಳಿಕಟ್ಟೆಯ ಮೇಲೆ ಕೂರಿಸಿಕೊಂಡೆ.

ಚೀಲದ ಜಗಳವಾದ ಮೇಲೆ ಅವಳು ನನ್ನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ. ನಿನ್ನೆ ಬೆಳಗ್ಗೆ ಅಂದೆ. ಕಾಫಿ ಅಂದಳು. ಹನ್ನೊಂದು ಗಂಟೆಗೆ ಅಂದೆ. ಒಂದು ಪೊಟ್ಟಣ ಅಂದಳು. ಮಧ್ಯಾಹ್ನದ ಊಟಕ್ಕೆ ಏನೇನು ಅಂತ ಕೇಳಿ, ಮುದ್ದೆ ಅಂತ ನಾನೇ ಬರೆಯಲು ಪೆನ್ನು ಊರಿದೆ.

“ಮದ್ಯಾನ ಏನೂ ಇಲ್ಲ.”

“ಏನೂ ಇಲ್ಲ ಅಂದ್ರೆ?”

“ನೆನ್ನೆ ನೀವು ಬಂದಿದ್ರಲ್ಲ.”

ಅದನ್ನು ಅವಳು ದೂರಿನ ಹಾಗೆ ಹೇಳಲಿಲ್ಲ. ಇವತ್ತು ಶುಕ್ರವಾರ ಅಂತ ಹೇಳುವ ಹಾಗೆ ಹೇಳಿದಳು. ನನಗೆ ಅರ್ಥವಾಗಲಿಲ್ಲ. ನಾನು ಬಂದದ್ದಕ್ಕೂ ನೀನು ಉಣ್ಣದ್ದಕ್ಕೂ ಏನು ಸಂಬಂಧ ಅಂತ ಕೇಳಿದೆ. ದೊಡ್ಡವರಿಗೆ ಇಷ್ಟೂ ತಿಳಿಯುವುದಿಲ್ಲವಾ ಅನ್ನುವ ಹಾಗೆ ಅವಳು ಬಿಡಿಸಿ ಹೇಳಿದಳು. ಅವ್ವ ದಿನಾ ನಾಲ್ಕು ಮುದ್ದೆ ಕಟ್ಟುತ್ತಾಳೆ. ಅಪ್ಪನಿಗೆ ಎರಡು, ಅವ್ವನಿಗೊಂದು, ತನಗೊಂದು. ಮನೆಗೆ ಯಾರಾದರೂ ಬಂದರೆ ಅವರಿಗೆ ಎರಡು ಬಡಿಸಲೇಬೇಕು, ಒಂದು ಬಡಿಸಿದರೆ ಏನಂದುಕೊಂಡಾರು. ತಾನು ಎರಡು ಗಂಟೆಗೆ ಬರುವ ಹೊತ್ತಿಗೆ ಪಾತ್ರೆ ತೊಳೆಯಲು ಬಿದ್ದಿರುತ್ತದೆ.

ಜಾಸ್ತಿ ಕಟ್ಟಬಹುದಲ್ಲ ಅಂದೆ, ಮೂಟೆ ಮೂಟೆ ರಾಗಿ ಇದೆ. ಮಿಕ್ಕಿದರೆ ಮುದ್ದೆ ತಂಗಳಾಗುತ್ತದೆ, ಹಸುವಿನ ಬಾನಿಗೆ ಹಾಕಬೇಕಾಗುತ್ತದೆ, ಅನ್ನ ಬಿಸಾಕುತ್ತೀರಾ ಅಂತ ಅಪ್ಪ ಬೈಯುತ್ತಾರೆ, ಯಾರು ಬರುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ ಅಂದಳು. ಅನ್ನವಾದರೆ ಇದ್ದದ್ದನ್ನೇ ಹಂಚಿಕೊಳ್ಳಬಹುದು, ಸಾರಾದರೆ ನೀರು ಬೆರೆಸಬಹುದು. ಮುದ್ದೆ ಹಾಗಲ್ಲ. ತಲೆ ಎಣಿಸಿ ಕಟ್ಟುವುದು.

“ಮೊದ್ಲುಮೊದ್ಲು ಅವ್ವ ಇನ್ನೊಂದ್ಸಲ ಎಸರಿಡಾಕೆ ಓಗೋಳು. ಅವ್ಳೂ ಗದ್ದೆಯಿಂದ ಬಂದಿರ್ತಾಳೆ, ಸುಸ್ತಾಗಿರ್ತಾಳೆ. ಅದುಕ್ಕೇ ಕಾಲೇಜಲ್ಲೇ ತಿಂದೆ ಬುಡವ್ವ ಅಂದ್ಬುಟ್ಟೆ. ಈಗ ಕೇಳೋದೂ ಇಲ್ಲ.”

ವಾರಕ್ಕೆ ಎಷ್ಟು ದಿನ ಹೀಗೆ ಅಂದೆ. ಬೆರಳು ಮಡಚಿದಳು. ಮಂಗಳವಾರ ಸೂಪರ್‌ವೈಸರು, ಬುಧವಾರ ಹಸು ನೋಡುವ ಕುಮಾರ್, ಗುರುವಾರ ನೀವು, ಉಳಿದ ದಿನ ಯಾರಾದರೂ. ವಾರದಲ್ಲಿ ಒಂದು ದಿನ, ಎರಡು ದಿನ ಊಟ ಸಿಗುತ್ತದೆ ಅಂದಳು. ಹಸಿವಾಗುವುದಿಲ್ಲವಾ ಅಂತ ಕೇಳಿದೆ, ಎಂಥ ಪ್ರಶ್ನೆ ನನ್ನದು. ಹೆಣ್ಣುಮಕ್ಕಳು ಹಸಿವು ಹಸಿವು ಅಂತ ಬಡಕೊಳ್ಳಬಾರದಂತೆ, ಹೊಟ್ಟೆಬಾಕಿ ಅನ್ನುತ್ತಾರಂತೆ. ಆಮೇಲೆ ನನ್ನ ಕೈ ಹಿಡಿದುಕೊಂಡು, ಅವ್ವನಿಗೆ ಹೇಳಬೇಡಿ, ಸಂಕಟಪಟ್ಟುಕೊಳ್ಳುತ್ತಾಳೆ ಅಂತ ಆಣೆ ಹಾಕಿಸಿಕೊಂಡಳು. ನಾನು ಹ್ಞೂಂ ಅಂದೆ.

ಆ ದಿನ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಅವರ ಮನೆಯಲ್ಲಿ ಹನ್ನೆರಡು ಗುರುವಾರ. ಆಮೇಲೆ ಲೆಕ್ಕ ಹಿಂದಕ್ಕೆ ಓಡಿತು. ನಾಗಮಂಗಲದ ಆ ಮನೆ, ಪಾಂಡವಪುರದ ಈ ಮನೆ, ಕಿರಂಗೂರಿನ ಇನ್ನೊಂದು. ಬಾಗಿಲ ಹಿಂದೆ ನಿಂತು ನಾನು ಉಣ್ಣುವುದನ್ನು ನೋಡುತ್ತಿದ್ದ ಎಷ್ಟು ಹುಡುಗಿಯರು. ಉಂಡು ಕೈತೊಳೆದು, ಅದೇ ಹುಡುಗಿಯ ರೆಪ್ಪೆ ಎಳೆದು, ಏನಮ್ಮ ಚೆನ್ನಾಗಿ ಊಟ ಮಾಡಲ್ವಾ ನೀನು ಅಂತ ಗದರಿಸಿದ್ದೇನೆ. ಥೂ ನನ್ನ ಜನ್ಮಕ್ಕೆ. ಅಪ್ಪನ ಮೇಲಿನ ಹಟಕ್ಕೆ ಯಾರ ಯಾರ ಮುದ್ದೆ ತಿಂದೆನೋ.

ಉಣ್ಣುವುದು ಬಿಟ್ಟರಾಯಿತಲ್ಲ ಅಂತ ನೀವು ಅನ್ನಬಹುದು. ಮುಂದಿನ ಗುರುವಾರ ಅದನ್ನೂ ಮಾಡಿನೋಡಿದೆ. ಬೆಳಗಿನ ಮೊದಲ ಬಸ್ಸಿಗೇ ಹೋಗಿ ಹನ್ನೊಂದಕ್ಕೇ ಹೊರಡಲು ನೋಡಿದೆ. ಊಟ ಮಾಡದೆ ಎದ್ದು ಹೋಗುವವರುಂಟಾ ಅಂತ ಅಣ್ಣಮ್ಮ ಚೀಲ ಕಿತ್ತಿಟ್ಟುಕೊಂಡಳು. ಇವತ್ತು ಉಪವಾಸ ಅಂತ ಸುಳ್ಳು ಹೇಳಿದೆ. ಉಪವಾಸದವರಿಗೆ ಅಂತ ಒಲೆ ಹಚ್ಚಿ ಬೇರೆಯಾಗಿ ಅವಲಕ್ಕಿ ಮಾಡಿ, ಒಂದು ಚೊಂಬು ಹಾಲು ಕಾಯಿಸಿ ತಂದಳು. ಸಿದ್ದರಾಜು ಮಾತ್ರ ನನ್ನನ್ನು ಒಂದು ಥರ ನೋಡಿದ. ಆ ನೋಟ ನನಗೆ ಗೊತ್ತು. ಇಷ್ಟು ದಿನ ಉಂಡ ಅಯ್ನೋರಮ್ಮ ಈಗ ಮಡಿ ಶುರುಮಾಡಿದಳು ಅನ್ನುವ ನೋಟ ಅದು. ಅವನು ಹಾಗೆ ಅಂದುಕೊಂಡರೆ ಆ ಬಾಗಿಲು ಮುಚ್ಚಿತು, ಬಾಗಿಲು ಮುಚ್ಚಿದರೆ ಹುಡುಗಿಯ ಕಾಲೇಜೂ ಮುಚ್ಚಿತು. ಹೇಳಿಬಿಡಬೇಕು ಅನ್ನಿಸಿತು, ಆಣೆ ನೆನಪಾಯಿತು, ಸುಮ್ಮನೆ ಎದ್ದು ಬಂದೆ.

ಐದು ದಿನಕ್ಕೆ, ಮಂಗಳವಾರ ಬೆಳಗ್ಗೆ ಅವಳು ಬಿದ್ದಳು. ಬಸ್‌ಸ್ಟ್ಯಾಂಡಿನಲ್ಲಲ್ಲ, ಡೇರಿಯ ಮುಂದೆ, ಹಾಲಿನ ಕ್ಯಾನಿನ ಸಮೇತ, ಊರಿನ ಮೂವತ್ತು ಜನ ಸಾಲಾಗಿ ನಿಂತಿದ್ದಾಗ. ಹಾಲು ಅಳೆಯುತ್ತಿದ್ದ ಅಪ್ಪನ ಕಣ್ಣೆದುರಿಗೇ ಬಿದ್ದಳು. ಸಿದ್ದರಾಜು ನನಗೆ ಫೋನು ಮಾಡಿ, ನಿಮ್ಮ ಮೂರು ತಿಂಗಳು ಸಾಕು, ಇನ್ನು ಬರಬೇಡಿ ಅಂದ.

ಬುಧವಾರ ಹೋದೆ. ಹೋಗುವ ಹೊತ್ತಿಗೆ ಒಂದೂವರೆ. ಒಳಗೆ ನಡುಮನೆಯಲ್ಲಿ ಹಸು ನೋಡುವ ಕುಮಾರ್ ಆಗಲೇ ತಟ್ಟೆಯ ಮುಂದೆ ಕೂತಿದ್ದ. ಸಿದ್ದರಾಜುವೂ ಕೂತಿದ್ದ. ಶ್ವೇತ ಗೋಡೆಗೆ ಒರಗಿ ಕಾಲು ಮಡಚಿ ಕೂತಿದ್ದಳು, ಕಾಲೇಜಿಗೆ ಹೋಗಿರಲಿಲ್ಲ. ನಾನು ಯಾರನ್ನೂ ಕೇಳದೆ ಅವಳ ಬೆರಳು ಹಿಡಿದು ಚುಚ್ಚಿದೆ. ಆರು ಪಾಯಿಂಟ್ ಎಂಟು. ಏಳಕ್ಕಿಂತ ಕೆಳಗಾದರೆ ಮಾತ್ರೆಯ ಕೆಲಸವಲ್ಲ, ದೊಡ್ಡಾಸ್ಪತ್ರೆಗೆ ಸೇರಿಸಬೇಕು ಅಂತ ಹೇಳಿದೆ. ಸಿದ್ದರಾಜು ತಲೆಯೆತ್ತದೆ, ಸೇರಿಸೋಣ, ಆಮೇಲೆ ಮನೆಯಲ್ಲಿರಲಿ, ಕಾಲೇಜು ಆಯಿತು ಅಂದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದಿದ್ದರೆ ವಾದ ಮಾಡಬಹುದಿತ್ತು.

ಅಷ್ಟರಲ್ಲಿ ಅಣ್ಣಮ್ಮ ನನ್ನ ಮುಂದೆ ತಟ್ಟೆ ತಂದಿಟ್ಟಳು. ಬರಬೇಡ ಅಂತ ಗಂಡ ಹೇಳಿದವಳಿಗೂ ತಟ್ಟೆ. ಎರಡು ಮುದ್ದೆ, ಅವರೆಕಾಳಿನ ಸಾರು, ಬದಿಯಲ್ಲಿ ಬೆಲ್ಲ. ಮೊದಲು ಉಣ್ಣಿ, ಮಾತು ಆಮೇಲೆ ಅಂದಳು. ಕುಮಾರನ ತಟ್ಟೆಯಲ್ಲಿ ಎರಡು, ನನ್ನ ತಟ್ಟೆಯಲ್ಲಿ ಎರಡು. ಸಿದ್ದರಾಜುವಿಗೆ ಇಡಬೇಕಾದ ಎರಡನ್ನು ನನಗಿಟ್ಟು, ಅವನಿಗೆ ರಾತ್ರಿ ಮಿಕ್ಕಿದ್ದ ಅನ್ನ ಬಡಿಸಿದ್ದಳು. ನನ್ನ ಕೈ ತಟ್ಟೆಗೆ ಹೋಗಲಿಲ್ಲ.

“ಯಾಕೆ ನರ್ಸಮ್ಮ? ನಮ್ಮನೆ ಇಟ್ಟು ಈಗ ಸೇರಾಕಿಲ್ವಾ?” ಸಿದ್ದರಾಜು ಕೇಳಿದ.

ಶ್ವೇತ ನನ್ನ ಕಡೆ ನೋಡಿ ಬೇಡ ಅನ್ನುವ ಹಾಗೆ ತಲೆಯಾಡಿಸಿದಳು. ಆಣೆ ಮುರಿದೆ. ಇದು ಅವಳ ಮುದ್ದೆ ಸಿದ್ದರಾಜು, ಅಂದೆ. ಮೂರು ತಿಂಗಳಿಂದ ನಾನು ತಿಂದದ್ದೆಲ್ಲ ಅವಳ ಮುದ್ದೆ. ಈ ಕುಮಾರ್ ತಿನ್ನುತ್ತಿರುವುದೂ ಅವಳದ್ದೇ. ಹುಡುಗಿ ಕಾಲೇಜಿನಲ್ಲಿ ತಿಂದೆ ಅಂತ ಸುಳ್ಳು ಹೇಳಿಕೊಂಡು ಕುರುಕಲು ಪೊಟ್ಟಣದಲ್ಲಿ ದಿನ ದೂಡಿದ್ದಾಳೆ. ಹಸುವಿನ ಹಾಲಿನಲ್ಲಿ ಫ್ಯಾಟು ಒಂದು ಪಾಯಿಂಟು ಇಳಿದರೆ ಅವತ್ತೇ ಹಿಂಡಿ ಜಾಸ್ತಿ ಹಾಕುವವನು ನೀನು, ಮಗಳು ಏನು ತಿಂದಳು ಅಂತ ಒಂದು ದಿನ ಕೇಳಿದ್ದೀಯಾ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದರೆ ಇದೇ. ಹಾಗೆಲ್ಲ ಅನ್ನಬಾರದಿತ್ತೇನೋ. ಅಂದೆ.

ಕುಮಾರ್ ಬಾಯಲ್ಲಿದ್ದ ತುತ್ತು ನುಂಗಲೋ ಬೇಡವೋ ಅಂತ ಹಾಗೇ ಕೂತ. ಸಿದ್ದರಾಜುವಿನ ಮುಖ ಕಪ್ಪಿಟ್ಟಿತು. ಮನೆಯಲ್ಲಿ ಮಗಳಿಗೆ ಹಿಟ್ಟಿಲ್ಲದ ಹಾಗೆ ಸಾಕಿದ್ದೇವೆ ಅಂತ ಬಂದವರ ಮುಂದೆ ಹೇಳುತ್ತೀರಾ ಅಂತ ಎದ್ದು ನಿಂತ. ಅಣ್ಣಮ್ಮ ಅವನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವಳು ಮಗಳನ್ನೇ ನೋಡುತ್ತಿದ್ದಳು.

“ಕಾಲೇಜಲ್ಲಿ ಉಂಡೆ ಅಂತಿದ್ದಲ್ಲೇ. ದಿನಾ ಅಂತಿದ್ದೆ.”

ಶ್ವೇತ ನೆಲ ನೋಡಿಕೊಂಡು ಹೇಳಿದಳು.

“ನೀನೂ ಗದ್ದೇಲಿ ಉಂಡೆ ಅಂತೀಯಲ್ಲವ್ವ.”

ಹೊರಗೆ ಹಸು ಒಂದು ಸಲ ಕೂಗಿತು. ಅಣ್ಣಮ್ಮ ಸೆರಗು ಸರಿಮಾಡಿಕೊಂಡಳು, ಒಲೆಯ ಕಡೆ ನೋಡಿದಳು, ನನ್ನ ಕಡೆ ನೋಡಲಿಲ್ಲ. ನಾಲ್ಕು ಮುದ್ದೆಯಲ್ಲಿ ಎರಡು ಗಂಡನಿಗೆ, ಎರಡು ಬಂದವರಿಗೆ ಬಡಿಸಿದರೆ ಅಣ್ಣಮ್ಮನದ್ದು ಎಲ್ಲಿ ಹೋಯಿತು ಅಂತ ಆ ಅರಳಿಕಟ್ಟೆಯ ಮೇಲೂ ನಾನು ಕೇಳಿರಲಿಲ್ಲ. ನಮೂನೆಯಲ್ಲಿ ತಾಯಂದಿರಿಗೆ ಕಾಲಂ ಇಲ್ಲ.

ಬಾ ಇಲ್ಲಿ ಅಂತ ಅವಳ ಕೈ ಎಳೆದುಕೊಂಡೆ. ಬೇಡ ಬೇಡ ಅಂದಳು, ಕೈಯೆಲ್ಲ ಹಿಟ್ಟು ಅಂದಳು. ಒರೆಸಿ ಚುಚ್ಚಿದೆ. ರಕ್ತ ಬರಲಿಲ್ಲ. ಹಿಂಡಿದೆ. ಸಾರಿನ ತಿಳಿಯ ಹಾಗೆ ಒಂದು ಹನಿ ಬಂತು. ಯಂತ್ರ ಕಿರ್ ಅಂತು, ನಾನು ಅದನ್ನು ಸಿದ್ದರಾಜುವಿನ ಮುಂದೆ ಹಿಡಿದೆ. ಪಾಯಿಂಟು ಓದುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ.

“ಆರು ಪಾಯಿಂಟ್ ಒಂದು,” ಅಂತ ಓದಿದ. “ಎಷ್ಟಿರ್ಬೇಕು?”

ಹನ್ನೆರಡು ಅಂದೆ. ಅವನು ನಿಂತವನು ಹಾಗೇ ಕೂತ. ತನ್ನ ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ನಾಳೀಕೆ ಇಬ್ರನ್ನೂ ಪ್ಯಾಟೆ ಆಸ್ಪತ್ರೆಗೆ ಕರ್ಕಂಡೋಯ್ತೀನಿ. ವಾಸಿಯಾದ್ಮೇಲೆ ಕಾಲೇಜಿಗೆ ಓಗ್ಲಿ ಬುಡಿ. ಬೆಳಗ್ಗೆ ಇಟ್ಟುಂಡ್ಕಂಡೇ ಓಗ್ಲಿ.”

ಶ್ವೇತ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಬೆಳಗ್ಗೆ ಏಳು ಗಂಟೆಯೊಳಗೆ ಆ ಹಿಟ್ಟು ಯಾರು ಬೇಯಿಸಬೇಕು, ಅದಕ್ಕೆ ಯಾರು ನಾಲ್ಕು ಗಂಟೆಗೆ ಏಳಬೇಕು ಅಂತ ಅವನನ್ನು ಕೇಳಬೇಕು ಅನ್ನಿಸಿತು. ಕೇಳುವಷ್ಟು ಶಕ್ತಿ ಇರಲಿಲ್ಲ.

ಅಣ್ಣಮ್ಮ ಚುಚ್ಚಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ತುಪ್ಪದ ಬಟ್ಟಲು ತೆಗೆದುಕೊಂಡು ನನ್ನ ತಟ್ಟೆಯ ಮುಂದೆ ಬಗ್ಗಿದಳು.

“ಅದೆಲ್ಲ ಆಮೇಕಾಯ್ತದೆ. ಇಟ್ಟು ಆರೋಯ್ತು, ನೀವು ಮೊದ್ಲು ಉಣ್ಣಿ.”

ನಾನು ತಟ್ಟೆಯನ್ನು ಶ್ವೇತಳ ಮುಂದೆ ಸರಿಸಿದೆ. ತುಪ್ಪದ ಬಟ್ಟಲನ್ನು ಅಣ್ಣಮ್ಮನ ಕೈಯಿಂದ ಕಿತ್ತುಕೊಂಡು, ಇನ್ನೊಂದು ತಟ್ಟೆ ತಾ, ಆ ಎರಡನೇ ಮುದ್ದೆ ನಿನ್ನದು, ಕೂತ್ಕೋ ಅಂದೆ. ಸಿದ್ದರಾಜುವೂ ಕೂತ್ಕೊಳ್ಳೇ ಅಂದ. ಅಣ್ಣಮ್ಮ ತಟ್ಟೆ ಹಿಡಿದುಕೊಂಡು ಬಂದು ನಿಂತಳು. ಗಂಡನ ಪಕ್ಕ ನೋಡಿದಳು, ಕುಮಾರನ ಪಕ್ಕ ನೋಡಿದಳು, ಮಗಳ ಪಕ್ಕ ನೋಡಿದಳು. ಇಪ್ಪತ್ತು ವರ್ಷ ಆ ನಡುಮನೆಯಲ್ಲಿ ಬಡಿಸಿದವಳಿಗೆ ಎಲ್ಲಿ ಕೂರಬೇಕು ಅಂತ ತಿಳಿಯಲಿಲ್ಲ.